ನನ್ನ ಮೂವತ್ತೇಳು ಕುದುರೆಗಳನ್ನು ನುಂಗಿದ ಡೈನೋಗೆ

ಎಂಜಿನ್ ಶಕ್ತಿಮಾಪಕ ಯಂತ್ರಗಳ ಕುಲತಿಲಕರೂ, ಉಕ್ಕಿನ ಉರುಳೆಗಳ ಒಡೆಯರೂ, ನಮ್ಮ ಗ್ಯಾರೇಜಿನ ಹಿಂದಿನ ಕೋಣೆಯನ್ನು ಪೂರ್ತಿ ಆಕ್ರಮಿಸಿಕೊಂಡವರೂ ಆದ ಮಾನ್ಯ ಡೈನೋ ಅವರೇ,

ಇಪ್ಪತ್ತಾರು ವರ್ಷಗಳಿಂದ ಕಿವಿಯೊಂದನ್ನೇ ನಂಬಿ ಎಂಜಿನ್ ಹದ ಮಾಡುತ್ತ ಬಂದ, ಊರೆಲ್ಲ ‘ಕಿವಿ ಮೇಸ್ತ್ರಿ’ ಎಂದು ಕರೆಯುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ: ಮಗಳು ಭಾನುವಾರದ ರೇಸಿನಲ್ಲಿ ಓಡಿಸಲಿರುವ ಕಾರಿಗೆ ಇನ್ನೂರು ಕುದುರೆಗಳ ಶಕ್ತಿಯಿದೆಯೆಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ ಮೇಲೆ, ತಾವು ಆ ಕಾರನ್ನು ಪಟ್ಟಿಗಳಿಂದ ಬಿಗಿಸಿಕೊಂಡು, ನಿಂತಲ್ಲೇ ಓಡಿಸಿ, ನನ್ನ ಭಾವಮೈದುನನ ಎದುರಿಗೇ ನೂರಾ ಅರವತ್ತಮೂರು ಎಂದು ತೋರಿಸಿಬಿಟ್ಟಿರಿ. ಉಳಿದ ಮೂವತ್ತೇಳನ್ನು ಎಲ್ಲಿ ಮೇಯಲು ಬಿಟ್ಟಿದ್ದೀರಿ? ಭಾವಮೈದುನ ಅಂದಿನಿಂದ ಹುಲ್ಲಿನ ವಿಚಾರ ಬಿಟ್ಟು ಬೇರೆ ಮಾತಾಡುತ್ತಿಲ್ಲ.

ತಮ್ಮ ಉದಾರತೆಯನ್ನೂ ಮರೆಯಲಾರೆ. ಕೋಣೆಯ ಗಾಳಿ ಬಿಸಿಯಿದ್ದರೆ ಎಂಜಿನ್ ಸೊರಗುತ್ತದೆಂದು ಮರುಗಿ ತಾವು ಲೆಕ್ಕದಲ್ಲಿ ನಾಲ್ಕು ಕುದುರೆ ಸೇರಿಸಿ ಕೊಡುತ್ತೀರಿ. ಬಿಸಿ ಅಳೆಯುವ ತಮ್ಮ ತಂತಿಯ ಪಕ್ಕದಲ್ಲಿ, ತೀರಾ ಆಕಸ್ಮಿಕವಾಗಿ, ನನ್ನ ಚಹಾ ಕೆಟಲ್ ಇತ್ತು. ಹನ್ನೊಂದು ಕುದುರೆ ಹೆಚ್ಚಾದವು. ಮಗಳು ಕೆಟಲ್ ತೆಗೆದಿಟ್ಟಳು, ಹನ್ನೊಂದೂ ಓಡಿಹೋದವು.

ಇಷ್ಟನ್ನೆಲ್ಲ ಕ್ಷಮಿಸುತ್ತಿದ್ದೆ. ಆದರೆ ಮೂರನೆಯ ಓಟದಲ್ಲಿ, ಎಂಜಿನ್ ನಿಮಿಷಕ್ಕೆ ಐದೂವರೆ ಸಾವಿರ ಸುತ್ತು ದಾಟಿದಾಗ, ಪರದೆಯ ಮೇಲಿನ ತಮ್ಮ ಗೆರೆ ಗರಗಸದ ಹಲ್ಲಿನಂತಾಯಿತು. ಕಾರಿನೊಳಗಿದ್ದ ಮಗಳು ತಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದು, “ಅಪ್ಪಾ, ಎಂಜಿನ್ ಟಣಟಣ ಅಂತ ಬಡ್ಕೊಳ್ತಿದೆ, ನಿಂಗೆ ಕೇಳಿಸ್ಲೇ ಇಲ್ವಾ?” ಎಂದಳು. ಕೇಳಿಸಿರಲಿಲ್ಲ. ಹಾಗೇ ಬಿಟ್ಟಿದ್ದರೆ ಭಾನುವಾರ, ಅವಳು ಒಳಗಿರುವಾಗಲೇ, ತಿರುವಿನ ನಡುವೆ ಪಿಸ್ಟನ್ ತೂತಾಗಿ ಎಂಜಿನ್ ಸಿಡಿಯುತ್ತಿತ್ತು. ಅವಳು ಎಂಜಿನ್ನಿನೊಳಗೆ ಕಿಡಿ ಹಾರುವ ಗಳಿಗೆಯನ್ನು ಎರಡು ಡಿಗ್ರಿ ತಡಮಾಡಿದಳು, ಗೆರೆ ನೆಟ್ಟಗಾಯಿತು. ನನ್ನ ಕಿವಿಗೆ ಮಾತ್ರ ಮೊದಲೂ ಆಮೇಲೂ ಒಂದೇ ಆಗಿತ್ತು. ಸಿಟ್ಟಿಗಿಂತ ಹೆಚ್ಚಾಗಿ ನನಗೆ ಭಯವಾಯಿತು, ಮಾನ್ಯರೇ.

ಆದ್ದರಿಂದ ಇನ್ನುಮುಂದೆ ಭಾವಮೈದುನ ಬಂದಾಗಲೆಲ್ಲ ತಾವು ಕೆಟ್ಟು ನಿಲ್ಲಬೇಕೆಂದೂ, ಸಂಖ್ಯೆಗಳನ್ನು ಮೊದಲು ನನ್ನ ಕಿವಿಯಲ್ಲಿ ಉಸುರಿ, ನಾನು ಒಪ್ಪಿದ ಮೇಲಷ್ಟೇ ಪರದೆಗೆ ಏರಿಸಬೇಕೆಂದೂ ಕೋರುತ್ತೇನೆ. ಬಲಗಿವಿಯಲ್ಲಿ, ಸ್ವಲ್ಪ ಜೋರಾಗಿ.

ಇಂತಿ, ತಮ್ಮೆದುರು ತಲೆಬಾಗಿಸಿದ್ದು ಬೆನ್ನುನೋವಿನಿಂದ ಎಂದೇ ಎಲ್ಲರಿಗೂ ಹೇಳುತ್ತಿರುವ
ತಮ್ಮ ವಿಶ್ವಾಸಿ,
ಕಿವಿ ಮೇಸ್ತ್ರಿ

ವಿ.ಸೂ.: ನಿನ್ನೆ ಕಿವಿ ಡಾಕ್ಟರ ಬಳಿ ಹೋಗಿದ್ದೆ. ಅಲ್ಲಿಯೂ ತಮ್ಮ ದಾಯಾದಿಯೊಬ್ಬರಿದ್ದಾರೆ. ಗಾಜಿನ ಕೋಣೆಯಲ್ಲಿ ನನ್ನನ್ನು ಕೂರಿಸಿ, ಕೀಂ ಕೀಂ ಎಂದು, ಕಾಗದದ ಮೇಲೆ ಒಂದು ಗೆರೆ ಎಳೆದುಕೊಟ್ಟರು. ಸದ್ದು ಕೀಚಲಾಗುತ್ತ ಕೊನೆಗೆ ಹೋದಂತೆ ಅದು ಕೆಳಕ್ಕೆ ಬೀಳುತ್ತದೆ. ಮಗಳು ಕೇಳಿದರೆ ತಾವು ಬಾಯಿ ಬಿಡಬೇಡಿ. ತಮಗೆ ಸುಳ್ಳು ಹೇಳುವಷ್ಟು ಬುದ್ಧಿಯಿಲ್ಲ. ರೇಸು ಮುಗಿದ ಮೇಲೆ ನಾನೇ ಹೇಳುತ್ತೇನೆ.