ಬೀಡಿ ಸೇದುವ ನಾಯಕಿ

ಹುಬ್ಬಳ್ಳಿ ಧಾರವಾಡಗಳು ಒಂದೇ ಪಾಲಿಕೆಯಾದ ಮರುವರ್ಷ ನೀಲಪ್ಪನ ಕತೆ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಗ್ರಹಚಾರ ಕೆಟ್ಟದ್ದೂ ಅಂದೇ.

ಅವನು ಬರೆದ ಕತೆಯಲ್ಲಿ ಇಬ್ಬರು ಗಂಡಸರು ಹುಬ್ಬಳ್ಳಿ ಸ್ಟೇಶನ್ನಿನ ಬೆಂಚಿನ ಮೇಲೆ ಭೇಟಿಯಾಗುತ್ತಾರೆ. ಒಂದೇ ಬಶಿಯಲ್ಲಿ ಚಹಾ ಕುಡಿಯುತ್ತಾರೆ. ಬೇಕೆಂದೇ ಗಾಡಿ ತಪ್ಪಿಸಿಕೊಂಡು, ಮಧ್ಯಾಹ್ನವನ್ನು ಲಾಡ್ಜಿನ ಕೋಣೆಯಲ್ಲಿ ಕಳೆದು, ಹೆಸರೂ ಕೇಳದೆ ಬೇರೆಯಾಗುತ್ತಾರೆ. ತನಗೆ ಹೋದ ಶ್ರಾವಣದಲ್ಲಿ ಆದದ್ದನ್ನೇ ನೀಲಪ್ಪ ಬರೆದಿದ್ದ. ಆದರೆ ಸಂಪಾದಕರು ಬಹಳ ಮರ್ಯಾದಸ್ಥರು. ಒಬ್ಬನ ಹುರಿಮೀಸೆ ತೆಗೆದು ಮೂಗುತಿ ಇಟ್ಟು, ಸೀರೆ ಉಡಿಸಿದ್ದರು. ಅವಸರದಲ್ಲಿ ಬೀಡಿಯನ್ನು ಮಾತ್ರ ಮರೆತಿದ್ದರು. ಹೀಗಾಗಿ ನಾಯಕಿ ಸೆರಗು ಸರಿಪಡಿಸಿಕೊಂಡು ಭುಸ್ಸೆಂದು ಹೊಗೆ ಬಿಡುತ್ತಿದ್ದಳು.

ಅಂಚೆಯವನಿಂದ ಪತ್ರಿಕೆ ಇಸಿದುಕೊಂಡವಳು ಸಪ್ತಾಪುರದ ಆ ಮನೆಯ ಒಡತಿ ಅಕ್ಕವ್ವ. ನೀಲಪ್ಪನಿಗೆ ಕೋಣೆ ಕೊಟ್ಟದ್ದು ಸಾಲದೆಂದು ತಂಗಿಯ ಮಗಳನ್ನೂ ಕೊಡಲು ಹೊರಟವಳು. ಕತೆ ಓದಿ, ಅದರ ನಾಯಕ ನೀಲಪ್ಪನೇ ಎಂದು ತೀರ್ಮಾನಿಸಿ, ನೇರ ಅವನನ್ನೇ ಹಿಡಿದಳು.

"ಯಾರ ಇಕಿ?"

"ಯಾರ್ರೀ ಕಾಕು?"

"ಈ ಬೀಡಿ ಸೇದಾಕಿ! ತಂಗಿಗೆ ಮಾತು ಕೊಟ್ಟು ಕುಂತೇನಿ ನಾ. ಏನಂತ ಮಾರಿ ತೋರಿಸ್ಲಿ?"

ಪಕ್ಕದ ಮನೆಯ ಹುಲಿಗೆವ್ವ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು. "ನಾ ಕಂಡೇನಿ ಆಕಿನ್ನ, ತಾರಿಹಾಳದ ಹಾದ್ಯಾಗ. ಖರೇನ!"

ಇಲ್ಲದ ಹೆಂಗಸಿಗೆ ಹನ್ನೊಂದು ಗಂಟೆಯೊಳಗೆ ಊರು ಸಿಕ್ಕಿತು, ಮಧ್ಯಾಹ್ನಕ್ಕೆ ಇಬ್ಬರು ಮಕ್ಕಳೂ ಆದರು. ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಯಮನಪ್ಪ ನೀಲಪ್ಪನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ: "ಇರ್ಲಿ ಬಿಡಪಾ. ಯಾವ ಛಾಪಿನ ಬೀಡಿ?"

ಸಂಜೆ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಬೈರಿದೇವರಕೊಪ್ಪದಿಂದ ಹುಡುಗಿಯ ಅಪ್ಪ ಅರ್ಜುನಪ್ಪ ಬಸ್ ಹಿಡಿದು ಬಂದಿದ್ದ. "ಇಂಥಾ ಹೆಂಗಸಿನ ಸಹವಾಸ ಮಾಡಿದವಗ ನನ್ನ ಮಗಳನ್ನ ಕೊಡಂಗಿಲ್ಲ," ಎಂದು ಗುಡುಗಿದ.

ನೀಲಪ್ಪನ ಎದೆ ಹಗುರಾಯಿತು. ಬೇಡದ ಲಗ್ನ ತಾನಾಗಿಯೇ ತಪ್ಪುತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಎದುರಿಗೆ ಪತ್ರಿಕೆ ತೆರೆದೇ ಬಿದ್ದಿತ್ತು. ಬಶಿಯ ಚಹಾ ಊದಿ ಆರಿಸಿ ಕೊಟ್ಟವನ ಆ ಚೆಂದದ ಮುಖದ ಮೇಲೆ ಯಾರದೋ ಮೂಗುತಿ! ನೀಲಪ್ಪನಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಎದ್ದು ನಿಂತ.

"ಆಕಿ ಹೆಂಗಸಲ್ಲರೀ! ಗಂಡಸು. ಹುರಿಮೀಸಿ ಗಂಡಸು. ನಾ ಅವನ ಜೋಡಿ ಮನಸಾರೆ ಹೋಗಿದ್ದೆ. ನಾಳೆ ಕರದ್ರೂ ಹೋಗ್ತೇನಿ. ನನಗೇನೂ ನಾಚಿಕಿ ಇಲ್ಲ!"

ಅರ್ಜುನಪ್ಪ ತೊಡೆ ತಟ್ಟಿ ನಕ್ಕ.

"ಗಂಡಸನಾ? ಮೊದಲ ಹೇಳಬಾರ್ದೇನೋ ಹುಚ್ಚಪ್ಪಾ! ಹೆಂಗಸಿನ ಗಾಳಿನೂ ಸೋಕಿಲ್ಲ ಹುಡುಗಗ. ಅಕ್ಕವ್ವಾರ, ಸಕ್ರಿ ತರ್ರಿ!"

"ಕಾಕಾ, ನಾ ಏನ್ ಹೇಳಾಕತ್ತೇನಿ ಅಂದ್ರ..."

"ತಿಳೀತಪಾ. ದೋಸ್ತಿ!" ಎನ್ನುತ್ತ ಅಕ್ಕವ್ವ ಅವನ ತೆರೆದ ಬಾಯಿಗೆ ಹಿಡಿ ಸಕ್ಕರೆ ಸುರಿದಳು. ಎಲ್ಲರೂ ಮುಹೂರ್ತ ನೋಡಲು ಒಳಗೆ ನುಗ್ಗಿದರು.

ನೀಲಪ್ಪನ ಜೊತೆ ಕಟ್ಟೆಯ ಮೇಲೆ ಉಳಿದವರು ಅಕ್ಕವ್ವನ ಗಂಡ, ನಿವೃತ್ತ ಮಾಸ್ತರ ಗುರುಶಿದ್ದಪ್ಪ ಒಬ್ಬರೇ. ಅವರು ಮೆಲ್ಲಗೆ ಹೇಳಿದರು:

"ಮೂವತ್ತು ವರ್ಷದ ಹಿಂದ ನಾನೂ ಹಿಂಗ ನಾಕು ಮಂದಿ ಮುಂದ ನಿಂತು ಇದನ್ನ ಹೇಳಿದ್ದೆ, ತಮ್ಮಾ. ನಮ್ಮ ಮಾವನೋರು ಹಿಂಗ ನಕ್ಕು ಸಕ್ರಿ ತಿನಿಸಿದ್ರು."

ನೀಲಪ್ಪ ಸಕ್ಕರೆ ಉಗುಳಿದ. ಪೆನ್ನು ತೆಗೆದು, ಅಚ್ಚಾದ ಪುಟದಲ್ಲಿ ಮೂಗುತಿಯನ್ನು ಹೊಡೆದುಹಾಕಿ 'ಹುರಿಮೀಸೆ' ಎಂದು ದಪ್ಪಗೆ ಬರೆದ. ಮಾಸ್ತರರು ಕೊರಳು ಚಾಚಿ ಓದಿದರು, ಪಕ್ಕದಲ್ಲಿದ್ದ ತಮ್ಮ ಕೆಂಪು ಶಾಯಿಯ ದೌತಿಯನ್ನು ಅವನತ್ತ ಸರಿಸಿದರು.

"ಇದರಾಗ ಬರಿ. ಎದ್ದು ಕಾಣ್ತೈತಿ."

ಒಳಗೆ ಅಕ್ಕವ್ವ ಪಂಚಾಂಗ ತೆಗೆಸಿದ್ದಳು.