ಕೈಗೆ ಸಿಗದ ಬಟನ್

ಮ್ಯಾನೇಜರ್ ಸಾಹೇಬರು ತರಬೇತಿಗೆ ಹೋಗಿ ಬಂದದ್ದೇ ಗುಮಾಸ್ತನ ಗ್ರಹಚಾರಕ್ಕೆ ಮೂಲ. "ಇನ್ಮೇಲೆ ರಜೆ ಅರ್ಜಿ ಕಾಗದದಲ್ಲಿ ನಡೆಯಲ್ಲ, ಕಂಪ್ಯೂಟರಲ್ಲೇ ಬರಬೇಕು. ನೀವು ಪ್ರೋಗ್ರಾಮಿಂಗ್ ಕಲೀತಿದೀರಂತಲ್ಲ? ಸಂಜೆಯೊಳಗೆ ನೀವೇ ಮಾಡ್ಕೊಡಿ," ಎಂದುಬಿಟ್ಟರು.

ಗುಮಾಸ್ತ ಕಲಿತದ್ದು ವಿಡಿಯೋ ನೋಡಿಕೊಂಡು, ಅದೂ ಒಂದೇ ವಾರ. ಪರದೆಯ ಮೇಲೊಂದು ವಿಂಡೋ ತೆರೆದು ಬಟನ್ ಕೂರಿಸುವಷ್ಟು ವಿದ್ಯೆ ಬಂದಿತ್ತು, ಅಷ್ಟೇ. ಮಾರನೆಯ ದಿನ ಬೆಳಿಗ್ಗೆಯೇ ಪಕ್ಕದ ಊರಲ್ಲಿ ನಾದಿನಿಯ ಮದುವೆ. "ರಜೆ ಇಲ್ದೆ ಮನೆಗೆ ಬನ್ನಿ, ಹೇಳ್ತೀನಿ!" ಎಂದು ಹೆಂಡತಿ ಎಚ್ಚರಿಸಿ ಕಳಿಸಿದ್ದಳು. ಸಾಹೇಬರೋ, ಕೇಳಿದಾಗಲೆಲ್ಲ ಇಲ್ಲ ಎಂದವರು.

ಅವನಿಗೊಂದು ಉಪಾಯ ಹೊಳೆಯಿತು. ತನ್ನ ರಜೆ ಅರ್ಜಿಯ ವಿಂಡೋದಲ್ಲಿ "ಮಂಜೂರು", "ಇಲ್ಲ" ಎಂದು ಎರಡು ಬಟನ್. ಮೌಸಿನ ಬಾಣ ಹತ್ತಿರ ಬಂದರೆ "ಇಲ್ಲ" ಎಂಬುದು ಜಿಗಿದು ದೂರ ಹೋಗಬೇಕು! ಮಧ್ಯಾಹ್ನದ ಹೊತ್ತಿಗೆ ಅದು ಸ್ನಾನಕ್ಕೆ ಕರೆದ ಮಗುವಿನಂತೆ ಓಡತೊಡಗಿತು.

ಸುದ್ದಿ ತಿಳಿದು ಕಚೇರಿಯೆಲ್ಲ ಅವನ ಕುರ್ಚಿಯ ಹಿಂದೆ ನೆರೆಯಿತು.

"ಇನ್ನೂ ಜೋರಾಗಿ ಓಡಿಸಪ್ಪ," ಎಂದರು ಕ್ಯಾಷಿಯರ್.

ಟೈಪಿಸ್ಟ್ ಅಕ್ಕ ಮೂಗು ಮುರಿದರು. ""ಮಂಜೂರು" ಬಟನ್ ಆನೆ ಗಾತ್ರ, "ಇಲ್ಲ" ಇಲಿ ಗಾತ್ರ. ಎರಡೂ ಒಂದೇ ಥರ ಇಲ್ದಿದ್ರೆ ಸಾಹೇಬ್ರಿಗೆ ಅನುಮಾನ ಬರಲ್ವೇನೋ ತಮ್ಮಾ?"

ಸಾಹೇಬರ ಚಪ್ಪಲಿ ಸದ್ದು ಕೇಳಿಸುತ್ತಿತ್ತು. ಗುಮಾಸ್ತ ಗಡಿಬಿಡಿಯಲ್ಲಿ ಹಳೆಯ "ಮಂಜೂರು" ಅಳಿಸಿ, "ಇಲ್ಲ" ಬಟನನ್ನೇ ಕಾಪಿ ಮಾಡಿ, ಹೆಸರು ಬದಲಿಸಿ ಪಕ್ಕದಲ್ಲಿಟ್ಟ. ಈಗ ಎರಡೂ ಅವಳಿಜವಳಿ. ಅಕ್ಕನಿಗೆ ಸಮಾಧಾನವಾಯಿತು.

ಸಾಹೇಬರು ಕೂತು ಮೌಸ್ ಹಿಡಿದರು. ಬಾಣ ನೇರವಾಗಿ "ಮಂಜೂರು" ಕಡೆಗೇ ಹೊರಟಿತು! ಗುಮಾಸ್ತ ಹಿಗ್ಗಿಹೋದ. ಅಷ್ಟರಲ್ಲಿ ಬಟನ್ ಛಂಗನೆ ಮೂಲೆಗೆ ಹಾರಿತು.

"ಅರೆ!" ಎಂದು ಸಾಹೇಬರು ಬೆನ್ನಟ್ಟಿದರು. ಅದು ಇನ್ನೊಂದು ಮೂಲೆಗೆ ಹಾರಿತು. ಕಾಪಿ ಮಾಡಿದಾಗ ಓಡುವ ಬುದ್ಧಿಯೂ ಜೊತೆಗೆ ಬಂದಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಂತಾಯಿತು ಅವನ ಪಾಡು.

"ಬೆಳಿಗ್ಗೆನೇ ನಿಮ್ಮ ಮನೆಯವರು ಫೋನ್ ಮಾಡಿ ಮದುವೆ ವಿಷಯ ಹೇಳಿದ್ರು ಕಣ್ರೀ. ಪಾಪ, ಕೊಟ್ಟುಬಿಡೋಣ ಅಂತಾನೇ ಬಂದೆ," ಎಂದು ಸಾಹೇಬರು ಬೆವರು ಒರೆಸಿಕೊಂಡರು.

"ಹಾಗಾದ್ರೆ ಬಾಯಲ್ಲೇ ಹೇಳ್ಬಿಡಿ ಸಾರ್!"

"ಛೆ ಛೆ, ನಾನೇ ಮಾಡಿದ ನಿಯಮ ನಾನೇ ಮುರಿಯೋದಾ? ನನಗೀಗ ಬಸ್ಸಿಗೆ ಹೊತ್ತಾಯ್ತು." ಸಾಹೇಬರು ಎದ್ದು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ಚಿಂತೆ ಮಾಡ್ಬೇಡಿ. ನಾಳೆ ಬೇಗ ಬಂದು ಇದನ್ನ ಸರಿಮಾಡಿ, ಸಂಜೆವರೆಗೂ ಪಕ್ಕದಲ್ಲೇ ಇರಿ. ನಾಳೆ ಇಡೀ ದಿನದ ರಜೆ ನಾನೇ ಮಂಜೂರು ಮಾಡ್ತೀನಿ!"