ಸೀಮಂತದ ಊಟಕ್ಕೆ ಸ್ಪೇನಿನ ಹೊಗೆ

ಅಡಿಗೆ ಕೆಲಸದವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಹೇಳಹೊರಟದ್ದು ಮೂರು ಡಬ್ಬಿ ಮೆಣಸಿನ ಹುಡಿಯಿಂದ ಆದದ್ದು ಮಾತ್ರ. ಆದರೆ ಮೊದಲು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಅರ್ಥವಾಗಲಿಕ್ಕಿಲ್ಲ.

ನಾನು ಪುತ್ತೂರಿನ ಹಿರಿಯ ಅಡಿಗೆಯವರೊಬ್ಬರ ಕೈಕೆಳಗೆ ಒಂಬತ್ತು ವರ್ಷ ತರಕಾರಿ ಹೆಚ್ಚಿದವಳು. ಹೆಚ್ಚುವುದೆಂದರೆ ಬರೀ ಹೆಚ್ಚುವುದಲ್ಲ, ತೆಂಗಿನಕಾಯಿ ತುರಿಯುವುದೂ ಸೇರಿತು. ಈ ವರ್ಷ ಮೊದಲ ಬಾರಿ ಸ್ವಂತಕ್ಕೆ ಒಂದು ಊಟ ಸಿಕ್ಕಿತು. ಇಚಿಲಂಪಾಡಿಯಲ್ಲಿ ಸೀಮಂತ, ನೂರು ಜನ. "ಹೊಸತು ಎಂತಾದರೂ ಒಂದು ಬೇಕು" ಎಂದರು ಮನೆಯವರು. ಚೆನ್ನಾದರೆ ನಾನೂ ಒಬ್ಬಳು ಅಡಿಗೆಯವಳು. ಕೆಟ್ಟರೆ ಪುನಃ ತೆಂಗಿನಕಾಯಿ ತುರಿಯಲಿಕ್ಕೆ.

ಆಗಲೇ ಬೆಟ್ಟಂಪಾಡಿಯ ಪರಿಚಯದವರೊಬ್ಬರು ರಜೆಯಲ್ಲಿ ಬಂದರು. ಅವರು ಹಡಗಿನಲ್ಲಿ ಅಡಿಗೆ ಮಾಡುವವರು. ಸ್ಪೇನಿನಿಂದ ತಂದ ಮೂರು ಡಬ್ಬಿ ಕೊಟ್ಟರು. ಅದಕ್ಕೆ ಪಿಮೆಂಟೋನ್ ಅಂತ ಹೆಸರು. ಒಂದು ಸಿಹಿ, ಒಂದು ಸಿಹಿ-ಕಹಿ, ಒಂದು ಖಾರ. ಅಲ್ಲಿ ಒಂದು ಕಡೆ ಮೆಣಸು ಕೊಯ್ಯುವ ಹೊತ್ತಿಗೆ ಮಳೆಯಂತೆ, ಬಿಸಿಲಿಗೆ ಒಣಗುವುದಿಲ್ಲ. ಹಾಗಾಗಿ ಅಟ್ಟದಲ್ಲಿ ಹರಡಿ, ಕೆಳಗೆ ಓಕ್ ಮರದ ಸೌದೆ ಉರಿಸಿ, ಎರಡು ವಾರ ಹೊಗೆ ಕೊಡುತ್ತಾರೆ. ದಿನಾ ಕೈಯಲ್ಲೇ ಮಗುಚುತ್ತಾರೆ. ಕೇಳಿ ನಾನು ಕುಳಿತಲ್ಲೇ ಉಳಿದೆ. ಒಂದು ಚಮಚ ಹುಡಿಗೆ ಅಷ್ಟು ಜನ ಅಷ್ಟು ದಿನ ಕಣ್ಣು ಉರಿಸಿಕೊಳ್ಳುವುದೆಂದರೆ!

೧. ಲೈನ್‌ಮನ್

ನಾನು ಪೇಟೆಗೆ ಹೋಗಿದ್ದಾಗ ಅತ್ತೆ ಒಂದು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಸರಿಯಾಗಿ ಮುಚ್ಚದೆ ಇಟ್ಟರು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಹೊಗೆಯ ವಾಸನೆ. ಗ್ಯಾಸ್ ಬಂದ್ ಮಾಡಿದರು. ವಾಸನೆ ಹೋಗಲಿಲ್ಲ. ವಯರ್ ಸುಟ್ಟಿರಬೇಕು ಎಂದು ಮೈನ್ ಸ್ವಿಚ್ ಆರಿಸಿ ಲೈನ್‌ಮನ್‌ಗೆ ಫೋನ್ ಮಾಡಿದರು. ನಾನು ಬರುವಾಗ ಆತ ಸ್ಟೂಲಿನ ಮೇಲೆ ನಿಂತು ವಯರ್ ಮೂಸುತ್ತಿದ್ದ. ನಾನು ಡಬ್ಬಿ ತೋರಿಸಿದೆ. ಆತ ಮೂಸಿದ, ಕಣ್ಣು ಮುಚ್ಚಿದ, ಇನ್ನೊಮ್ಮೆ ಮೂಸಿದ.

"ಅಕ್ಕ, ಸುಟ್ಟದ್ದು ಇದೇ. ಸ್ವಲ್ಪ ಕಾಗದಕ್ಕೆ ಕಟ್ಟಿ ಕೊಡಿ, ಮನೆಯಲ್ಲಿ ಪರೀಕ್ಷೆ ಮಾಡುದುಂಟು."

೨. ಒಗ್ಗರಣೆ

ನಮ್ಮಲ್ಲಿ ಎಣ್ಣೆ ಕಾದು ಸಾಸಿವೆ ಸಿಡಿದ ಮೇಲೆಯೇ ಉಳಿದದ್ದು. ನಾನು ಹಾಗೆಯೇ ಹಾಕಿದೆ. ಹುಡಿ ಅರೆಕ್ಷಣದಲ್ಲಿ ಕಪ್ಪಾಗಿ ಕಹಿಯಾಯಿತು. ಹಡಗಿನವರಿಗೆ ಫೋನ್ ಮಾಡಿದೆ.

"ಉರಿ ಆರಿಸಿ, ಬಾಣಲೆ ಇಳಿಸಿ, ಹತ್ತು ಎಣಿಸಿ, ಆಮೇಲೆ ಹುಡಿ ಹಾಕಿ" ಎಂದರು.

ಹಾಗೆ ಮಾಡಿದೆ. ತೆಂಗಿನೆಣ್ಣೆ ನೋಡನೋಡುತ್ತಾ ಕೆಂಪಾಯಿತು. ಬ್ಯಾಡಗಿಯ ಕೆಂಪಲ್ಲ, ಸಂಜೆಯ ಆಕಾಶ ಬಾಣಲೆಗೆ ಇಳಿದ ಹಾಗೆ. ನಾನು ಸೌಟು ಹಿಡಿದು ನಿಂತೇ ಇದ್ದೆ. ನಮ್ಮ ಯಜಮಾನರು ಬಂದು ಮೆಲ್ಲ ಕೇಳಿದರು: "ಇದು ಊಟಕ್ಕಾ, ಅಲ್ಲ ಕೈಮುಗಿಯಲಿಕ್ಕಾ?"

೩. ಮೂರು ಬಾಟಲಿ

ಯಜಮಾನರಿಗೆ ಉಪಕಾರ ಮಾಡುವ ಅಭ್ಯಾಸ ಉಂಟು. ಮೂರು ಹುಡಿಯನ್ನೂ ಒಂದೇ ನಮೂನೆಯ ಬಾಟಲಿಗಳಿಗೆ ತುಂಬಿಸಿ, ಡಬ್ಬಿಗಳನ್ನು ಗುಜರಿಗೆ ಕೊಟ್ಟರು. ಮೂರರ ಬಣ್ಣವೂ ಒಂದೇ. ಸೀಮಂತಕ್ಕೆ ಎರಡೇ ದಿನ. ಬಸುರಿಯ ಎಲೆಗೆ ಖಾರದ್ದು ಬಿದ್ದರೆ ಏನು ಗತಿ?

"ತಪ್ಪು ನನ್ನದು, ರುಚಿ ನಾನೇ ನೋಡ್ತೇನೆ" ಎಂದು ಅವರು ಮೂರನ್ನೂ ನೆಕ್ಕಿದರು. "ಖಾರ ಯಾವುದರಲ್ಲೂ ಇಲ್ಲ ಮಾರಾಯ್ತಿ."

ನನಗೂ ತಿಳಿಯಲಿಲ್ಲ. ಗಾಂಧಾರಿ ಮೆಣಸು ತಿಂದು ಬೆಳೆದ ನಾಲಿಗೆಗಳು ನಮ್ಮವು. ಗಾಂಧಾರಿ ಎಂದರೆ ಚಿಕ್ಕದಾದರೂ ಬಹಳ ಖಾರದ್ದು, ಗೊತ್ತಿಲ್ಲದವರಿಗೆ ಹೇಳಿದೆ. ಹಡಗಿನವರು, "ಖಾರದ ಅಭ್ಯಾಸ ಇಲ್ಲದವರಿಗೆ ಕೊಡಿ" ಎಂದರು. ಅಂಥವರು ಮನೆಯಲ್ಲಿ ಒಬ್ಬರೇ, ಅತ್ತೆ. ಹೊಟ್ಟೆಯುರಿಗೆ ಡಾಕ್ಟರು ಖಾರ ಬಿಡಿಸಿ ಮೂರು ವರ್ಷ, ಬರೀ ಗಂಜಿ-ತಂಬುಳಿ.

ಅತ್ತೆ ಬೆರಳ ತುದಿಯಲ್ಲಿ ಒಂದೊಂದೇ ಮುಟ್ಟಿಸಿಕೊಂಡು ಹೇಳಿದರು: "ಇದು ಸಿಹಿ. ಇದು ಸಿಹಿಯಾಗಿ ಕಡೆಗೆ ಕಹಿ. ಇದು ಖಾರ." ನೆನಪಿಗೆಂದು ನಾನು ಚೀಟಿ ಅಂಟಿಸಿದೆ. ಅತ್ತೆ ಎದ್ದು ಹೋಗಲಿಲ್ಲ.

"ಆ ಮೂರನೆಯದ್ದು ಸರಿ ಗೊತ್ತಾಗಲಿಲ್ಲ, ಪುನಃ ಕೊಡು."

ಸಂಜೆಯೊಳಗೆ ಅವರಿಗೆ ಏಳು ಸಲ ಸರಿ ಗೊತ್ತಾಗಲಿಲ್ಲ.

೪. ಮೊದಲ ಪಂಕ್ತಿ

ಸೀಮಂತಕ್ಕೆ ನಾನು ಮಾಡಿದ ಹೊಸತು ಇದು: ಸುವರ್ಣಗಡ್ಡೆ ಬೇಯಿಸಿ, ತೆಂಗಿನೆಣ್ಣೆಯಲ್ಲಿ ಹುರಿದು, ಇಳಿಸಿದ ಮೇಲೆ ಸಿಹಿ ಪಿಮೆಂಟೋನ್, ಉಪ್ಪು, ಲಿಂಬೆರಸ. ಘಮ ಚಪ್ಪರ ತುಂಬಿತು. ಅಲ್ಲೇ ನನ್ನ ತಪ್ಪು. ನಮ್ಮ ಕಡೆ ಅಡಿಗೆಗೆ ಹೊಗೆ ಹಿಡಿಯಿತೆಂದರೆ ಅಡಿಗೆಯವರ ಮರ್ಯಾದೆ ಹೋಯಿತೆಂದೇ ಲೆಕ್ಕ. ಉಪ್ಪು ಹೆಚ್ಚಾದರೆ ಕ್ಷಮಿಸುತ್ತಾರೆ, ಹೊಗೆಯನ್ನು ಕ್ಷಮಿಸುವುದಿಲ್ಲ. ಬಡಿಸುವ ಮೊದಲೇ ನಾಲ್ಕು ಜನರಿಗೆ ವಿವರಿಸಬೇಕಿತ್ತು. ಎಲ್ಲವನ್ನೂ ವಿವರಿಸುವ ನಾನು ಅದೊಂದನ್ನು ಮರೆತೆ.

ಮೊದಲ ಪಂಕ್ತಿಯ ತುದಿಯಲ್ಲಿ ಕುಳಿತವರು ಮನೆಯ ಹಿರಿಯಜ್ಜ. ಒಂದು ತುಂಡು ಬಾಯಿಗಿಟ್ಟು ಕೈ ನಿಲ್ಲಿಸಿದರು.

"ಹೊಗೆ ಹಿಡಿದಿದೆ. ಅಡಿಗೆ ಯಾರದ್ದು?"

ಪಂಕ್ತಿಯ ಕೈಗಳೆಲ್ಲ ನಿಂತವು. ನಾನು ಸೌಟು ಹಿಡಿದೇ ಮುಂದೆ ಬಂದೆ. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. ಹಡಗು, ಸ್ಪೇನು, ಮಳೆ, ಅಟ್ಟ, ಓಕ್ ಸೌದೆ, ಎರಡು ವಾರ, ಎಲ್ಲ ಹೇಳಿದೆ.

ಅಜ್ಜ ಕೇಳಿದರು: "ಎರಡು ವಾರವಾ? ಬೇಕೂಂತ ಹೊಗೆ ಹಿಡಿಸುದಾ?"

"ಹೌದಜ್ಜ."

"ದಿನಾ ಕೈಯಲ್ಲೇ ಮಗುಚುದಾ?"

"ಕೈಯಲ್ಲೇ."

ಅಜ್ಜ ಇನ್ನೊಂದು ತುಂಡು ತಿಂದರು. ನಿಧಾನವಾಗಿ ಅಗಿದರು.

"ಅಬ್ಬ! ಹೊಗೆಯನ್ನು ಹುಡಿ ಮಾಡಿ ಡಬ್ಬಿಗೆ ತುಂಬಿಸಿದ್ದಾರಲ್ಲ, ಎಂಥಾ ಜನ ಮಾರಾಯ್ರೆ! ಇಲ್ಲಿಗೆ ಎರಡು ಸೌಟು ಹಾಕು ಮಗಳೇ. ಹುಟ್ಟುವ ಮಗುವಿನ ನಾಮಕರಣಕ್ಕೂ ನೀನೇ ಬರಬೇಕು."

ನನ್ನ ಕಣ್ಣಲ್ಲಿ ನೀರು ಬಂತು. ಪಂಕ್ತಿಯವರು ಎಲ್ಲ ಎಲೆ ಮುಂದೆ ಮಾಡಿದರು. ಎದುರು ಸಾಲಿನಲ್ಲಿ ಕುಳಿತಿದ್ದ ಅಜ್ಜಿ, ಅಂದರೆ ಅಜ್ಜನ ಹೆಂಡತಿ, ಮಾತ್ರ ಕೈ ಮಡಚಿ ಗಂಡನನ್ನೇ ನೋಡುತ್ತಿದ್ದರು.

"ನೋಡಿ, ಆ ದೇಶದವರು ಹೊಗೆಯನ್ನು ಡಬ್ಬಿಗೆ ಹಾಕಿ ಮಾರುದು. ಹಸಿ ಸೌದೆ ಒಲೆಯಲ್ಲಿ ನಾನು ನಿಮಗೆ ನಲವತ್ತು ವರ್ಷ ಅದನ್ನೇ ಧರ್ಮಕ್ಕೆ ಬಡಿಸಿದ್ದು. ಆವಾಗ ಬಟ್ಟಲು ಅಂಗಳಕ್ಕೆ ಬಿಸಾಡಿದ್ದು ಯಾರು ಮಾರಾಯ್ರೆ?"